ಸೌವಿನ್‌ಗೆ ಊಟಕ್ಕೆ ಬಾರೇ

ನಗಬಾರದ ಜಾಗದಲ್ಲೇ ನನಗೆ ನಗು ಬರೋದು. ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್‌ನಲ್ಲಿ ನಮ್ಮ ಪಕ್ಕದ ಮನೆಯವಳ ಸಹವಾಸ ಆದಮೇಲಂತೂ ಅದು ಒಂದಲ್ಲ ಒಂದು ಕಡೆ ಆಗ್ತಾನೇ ಇತ್ತು, ಕಣ್ಣಲ್ಲಿ ನೀರಿದ್ದಾಗಲೂ.

ಸತ್ತ ಅಕ್ಷರ

ಅವಳು ಒಂದು ಕಾಲಕ್ಕೆ ಬಸ್ ಓಡಿಸ್ತಿದ್ದ ಹೆಂಗಸು, ಗಂಡ ತೀರಿಕೊಂಡಿದ್ದ. ಚರ್ಚಿಗೆ ಹೋಗೋಳಲ್ಲ. ಏಸುವಿಗಿಂತ ಮುಂಚಿನ ಹಬ್ಬಗಳಂತೆ, ಬಿಸಿಲು ಏರಿದಾಗೊಂದು, ಇಳಿದಾಗೊಂದು, ವರ್ಷಕ್ಕೆ ಎಂಟು ಮಾಡೋಳು. ಅಕ್ಟೋಬರ್ ಕೊನೆಯ ದಿನ ಅವಳ ಕಿಟಕಿಯಲ್ಲಿ ದೀಪ, ಪಕ್ಕದಲ್ಲೊಂದು ಬೋರ್ಡು. ನನಗೆ ಇಂಗ್ಲಿಷ್ ಮಾತು ಹೇಗೋ ನಡೆಯುತ್ತೆ, ಓದಕ್ಕೆ ಬರಲ್ಲ. ಸೊಸೆ ಓದಿದಳು: "ಸಾಮ್‌ಹೇನ್, ಅತ್ತೆ."

ನಾನು ಬೇಲಿ ಆಚೆಯಿಂದ "ಹ್ಯಾಪಿ ಸಾಮ್‌ಹೇನ್!" ಅಂತ ಕೂಗಿದೆ.

ಅವಳು ಮುಖ ಕಿವುಚಿದಳು. "ಸೌವಿನ್, ಬ್ಯಾಬ್, ಸೌವಿನ್. ಸತ್ತವರು ಊಟಕ್ಕೆ ಬರೋ ದಿನ." ಬರ್ಮಿಂಗ್‌ಹ್ಯಾಮ್‌ನವರು ಪ್ರೀತಿ ಬಂದರೆ ಯಾರಿಗಾದರೂ ಬ್ಯಾಬ್ ಅಂತಾರೆ.

ಅಯ್ಯೋ, ಇದು ನಮ್ಮ ಪಿತೃಪಕ್ಷವೇ ಅಲ್ಲವೇ ಅಂತ ನನಗೆ ಖುಷಿ. ಸೊಸೆ ಮಾತ್ರ ಬಿಡಲಿಲ್ಲ. "ನಡುವೆ ಎಂ ಇದೆ, ಎಚ್ ಇದೆ. ಅವೆಲ್ಲಿ ಹೋದವು?"

"ಅವೂ ಸತ್ತವು," ಅಂದಳು ಪಕ್ಕದ ಮನೆಯವಳು. "ಅವಕ್ಕೂ ತಟ್ಟೆ ಇಟ್ಟಿದ್ದೀನಿ."

ತಪ್ಪಿದ ಪಾಠ

ಚಳಿ ಮುಗಿಯೋ ಹೊತ್ತಿಗೆ ಅವಳ ಹೊಟ್ಟೆಯಲ್ಲಿ ಕ್ಯಾನ್ಸರ್ ಅಂತ ಗೊತ್ತಾಯ್ತು. ಒಬ್ಬನೇ ಮಗ, ಲೀಡ್ಸ್‌ನಲ್ಲಿದ್ದ. ಅಮ್ಮನ ಹಬ್ಬಗಳೆಲ್ಲ ಹುಚ್ಚಾಟ ಅಂತ ಅವನಿಗೆ ಸಿಟ್ಟು, ಮಾತು ಬಿಟ್ಟಿದ್ದ. ಹಾಗಾಗಿ ಆಸ್ಪತ್ರೆಗೆ ಜೊತೆ ನಾನೇ.

ಕಾಯ್ತಾ ಕೂತಿದ್ದಾಗ ಒಂದು ದಿನ ನನ್ನ ಕೈ ಹಿಡ್ಕೊಂಡಳು. "ನಾನು ಹೋದಮೇಲೆ ಸೌವಿನ್ ದಿನ ನನ್ನ ಊಟಕ್ಕೆ ಕರೆಯೋರು ಯಾರೂ ಇಲ್ಲ. ನೀನು ಕರೀತೀಯಾ? ಹಬ್ಬದ ಹೆಸರು ಹಿಡಿದು, ಸರಿಯಾಗಿ ಕರೀಬೇಕು. ಇಲ್ಲದಿದ್ದರೆ ನಾನು ಬಾಗಿಲ ಹೊರಗೇ."

"ಕರೆಯದೆ ಬಿಡ್ತೀನಾ," ಅಂದೆ. ಅವತ್ತಿಂದ ಎಂಟೂ ಹಬ್ಬದ ಹೆಸರಿನ ಪಾಠ ಶುರು. ಆಗಸ್ಟಿನದು ಮಾತ್ರ ನನ್ನ ನಾಲಿಗೆಗೆ ಹತ್ತಲಿಲ್ಲ. ಬರೆದರೆ ಮೈಲಿ ಉದ್ದವಂತೆ, ಅನ್ನೋದು ಬರೀ "ಲೂನಸ". ನಾನು ಎಳೆಯೋದು, ಅವಳು ಬಯ್ಯೋದು.

ಒಳಗೆ ಕರೆದು ಡಾಕ್ಟರು ಮೆಲ್ಲಗೆ ಹೇಳಿದರು, ಆಗಸ್ಟ್ ಮುಟ್ಟೋದು ಕಷ್ಟ ಅಂತ. ಅವಳು ಕೋಟಿನ ಗುಂಡಿ ಹಾಕ್ಕೊಳ್ತಾ ನನ್ನ ಕಡೆ ತಿರುಗಿದಳು:

"ನಿನ್ನ ಅದೃಷ್ಟ, ಬ್ಯಾಬ್. ಲೂನಸ ಕಲಿಯೋದು ತಪ್ಪಿತು."

ಮೇಬನ್ನೋ ಮ್ಯಾಬನ್ನೋ

ಹಾಸಿಗೆ ಹಿಡಿದಳು. ಅವಳ ಜೊತೆ ಹಬ್ಬ ಮಾಡ್ತಿದ್ದ ಇಬ್ಬರು ಗೆಳತಿಯರು ನೋಡಕ್ಕೆ ಬಂದರು. ಸೆಪ್ಟೆಂಬರಿನ ಹಬ್ಬಕ್ಕೆ ಮೇಬನ್ ಅನ್ನಬೇಕು ಅಂತ ದಪ್ಪನೆಯವಳು, ಮ್ಯಾಬನ್ ಅಂತ ಸಣಕಲಿ. ಮಲಗಿದವಳ ಮೇಲಿಂದಲೇ ಕೈ ಚಾಚಿ ಜಗಳ! ನಮ್ಮಲ್ಲೂ ಏಕಾದಶಿ ಇವತ್ತೋ ನಾಳೆಯೋ ಅಂತ ಗಂಡಸರು ಹೀಗೇ ಕಿತ್ತಾಡ್ತಾರೆ, ಎರಡು ದಿನವೂ ಉಪವಾಸ ಬೀಳೋರು ನಾವು.

ಕೊನೆಗೆ ಅವಳನ್ನೇ ಕೇಳಿದರು, "ನೀನೇ ಹೇಳು, ಯಾವುದು ಸರಿ?"

ಕಣ್ಣು ಬಿಡದೆ ಅಂದಳು: "ತಾಳ್ರೇ. ಅಲ್ಲಿಗೇ ಹೊರಟಿದ್ದೀನಿ, ವಿಚಾರಿಸ್ತೀನಿ."

ಜೂನ್‌ನಲ್ಲಿ ಹೋದಳು. ಉತ್ತರ ಇನ್ನೂ ಬಂದಿಲ್ಲ.

ಮಾತಾಡಬಾರದ ಊಟ

ಮಣ್ಣು ಮಾಡೋ ದಿನ ಅವಳ ಮಗ ಬಂದಿದ್ದ, ಕಲ್ಲಿನ ಹಾಗೆ ನಿಂತಿದ್ದ. "ಅಕ್ಟೋಬರ್ ಕೊನೆಗೆ ನಮ್ಮನೆಗೆ ಬಾಪ್ಪಾ, ನಿಮ್ಮಮ್ಮನಿಗೆ ಎಡೆ ಇಡ್ತೀನಿ," ಅಂದೆ. ಕಾರು ಹತ್ತಿ ಹೊರಟುಬಿಟ್ಟ.

ಆ ದಿನ ಬಂತು. ಬಿಸಿಬೇಳೆಬಾತ್ ಮಾಡಿ, ಖಾಲಿ ಕುರ್ಚಿ ಮುಂದೆ ಒಂದು ತಟ್ಟೆ ಬಡಿಸಿದೆ. ಸೊಸೆ ಇದ್ದಳು, ಸಣಕಲಿ ಬಂದಿದ್ದಳು. ಇಲ್ಲಿ ಐದು ಗಂಟೆಗೇ ಕತ್ತಲು. ಬಾಗಿಲು ತೆಗೆದು, "ಇವತ್ತು ಸೌವಿನ್! ಊಟಕ್ಕೆ ಬಾರೇ!" ಅಂತ ಕೂಗಿದೆ. ಸರಿಯಾಗಿ ಬಂತು ಬಾಯಲ್ಲಿ.

ಕತ್ತಲಿಂದ ಬಂದವನು ಅವಳ ಮಗ. "ರಸ್ತೆ ತುಂಬ ಟ್ರಾಫಿಕ್ಕು," ಅಂದ, ಅಷ್ಟೇ.

ಎಲ್ಲ ಕೂತಮೇಲೆ ಸಣಕಲಿ ಪಿಸುಗುಟ್ಟಿದಳು: ಈ ಊಟ ಮುಗಿಯೋವರೆಗೆ ಯಾರೂ ತುಟಿಪಿಟಕ್ಕನ್ನಬಾರದು, ಸತ್ತವರಿಗೆ ಮರ್ಯಾದೆ. ನೋಡಿ ಗ್ರಹಚಾರ! ಹೆಸರು ಹೇಳೋದು ಕಲಿಸಿದ ಪುಣ್ಯಾತ್ಗಿತ್ತಿ ಇದನ್ನ ಹೇಳಿರಲಿಲ್ಲ. ಉಪಚಾರದ ಮಾತಿಲ್ಲದೆ ಬಡಿಸಿದರೆ ನಮ್ಮ ಕಡೆ ಅದು ಊಟವೇ ಅಲ್ಲ. ಮಗ ಸಾಕು ಅಂತ ತಟ್ಟೆಗೆ ಕೈ ಅಡ್ಡ ಹಿಡಿದ. ಸಾಕು ಅನ್ನೋದು ಬರೀ ಸಂಕೋಚ ಅಂತ ತಿಳಿದು ಬೆಳೆದವಳು ನಾನು, ಕೈ ಮೇಲೇ ಬಡಿಸಿದೆ. ಪಾಪ, ಬಿಸಿ ತಾಗಿದರೂ ಕೂಗಲಿಲ್ಲ.

ಎಷ್ಟು ಹೊತ್ತು ತಡೀಲಿ? ಖಾಲಿ ಕುರ್ಚಿ ಮುಂದಿನ ತಟ್ಟೆ ಹಾಗೇ ಇತ್ತು. ಬಾಯಿ ತಾನಾಗೇ ತೆರೀತು:

"ಏನೇ, ಒಂದು ತುತ್ತೂ ಮುಟ್ಟಿಲ್ಲ! ರುಚಿ ಇಲ್ವೇನೇ?"

ಸಣಕಲಿ ನನ್ನ ಸುಟ್ಟುಬಿಡೋ ಹಾಗೆ ನೋಡಿದಳು. ನಾನಂದಿದ್ದು ಕನ್ನಡದಲ್ಲಿ. ಮಗ ಏನು ಅಂತ ಕಣ್ಣಲ್ಲೇ ಕೇಳಿದ, ಸೊಸೆ ಮೆತ್ತಗೆ ಇಂಗ್ಲಿಷಲ್ಲಿ ಹೇಳಿದಳು. ಅವನು ತಟ್ಟೆಯನ್ನೇ ನೋಡ್ತಾ ಕೂತ. ಆಮೇಲೆ ಮಾತಾಡಿದ. "ಅಮ್ಮ ಯಾರ ಮನೆಗೆ ಹೋದರೂ ಉಪ್ಪು ಕಮ್ಮಿ ಅಂತ ಮುಟ್ಟುತ್ತಿರಲಿಲ್ಲ." ಎದ್ದು ಉಪ್ಪಿನ ಡಬ್ಬಿ ತಗೊಂಡು ಅಮ್ಮನ ತಟ್ಟೆ ಮೇಲೆ ಉದುರಿಸಿದ, ಅಳ್ತಾ ಉದುರಿಸಿದ.

ಆಗ ಸಣಕಲಿ ಗಂಟಲು ಸರಿಮಾಡಿಕೊಂಡಳು:

"ಆ ಉಪ್ಪು ಸ್ವಲ್ಪ ಇತ್ತ ಕೊಡಪ್ಪಾ. ಆಗಿಂದ ಹೇಗೆ ಕೇಳೋದು ಅಂತ ಕೂತಿದ್ದೆ."