ನಲವತ್ತು ಜಿಬಿಯ ಹಾರ್ಡ್ ಡಿಸ್ಕ್ ಮತ್ತು ನಮ್ಮ ಮಾವ

ನಮ್ಮ ಮನೆಗೆ ಏನೇ ಹೊಸ ಸಾಮಾನು ಬರಲಿ, ಅದರ ಹಿಂದೆಯೇ ಒಂದು ಫಜೀತಿಯೂ ಬರುತ್ತದೆ. ಗ್ರೈಂಡರ್ ಬಂದಾಗಲೂ ಹಾಗೇ ಆಗಿತ್ತು, ಆದರೆ ಅದನ್ನು ಹೇಳಹೊರಟರೆ ಇದು ಉಳಿದುಹೋಗುತ್ತದೆ. ಇದು ಹಾರ್ಡ್ ಡಿಸ್ಕಿನ ವಿಷಯ. ಹಾರ್ಡ್ ಡಿಸ್ಕ್ ಅಂದರೆ ಕಂಪ್ಯೂಟರಿನ ಅಟ್ಟ; ಎಲ್ಲವನ್ನೂ ತುಂಬಿಡುವುದು ಅಲ್ಲೇ. ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು, ಮನೆ ಚಾಮರಾಜಪೇಟೆಯಲ್ಲಿ. ಕಂಪ್ಯೂಟರ್ ನನ್ನದು, ಆಡುತ್ತಿದ್ದವರು ನಮ್ಮ ಮಾವ. ಮಾವ ಅಂದರೆ ಹೆಂಡತಿಯ ತಂದೆ, ಸೋದರಮಾವ ಅಲ್ಲ. ಅಳತೆ-ತೂಕದ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ, ಅದೇ ಪಂಚೆಯಲ್ಲಿ ಕೂತು ಕಾರ್ ರೇಸ್ ಆಡುತ್ತಿದ್ದರು.

೧. ಅಟ್ಟ ಗುಡಿಸಿದ್ದು

ಎದುರುಮನೆಯ ಮೇಷ್ಟ್ರು, ಅವರೂ ನಿವೃತ್ತರೇ, ಹೊಸ ರೇಸ್ ಆಟವೊಂದನ್ನು ಹಾಕಿಸಿಕೊಂಡಿದ್ದರು. ವಾಕಿಂಗ್‌ನಲ್ಲಿ ದಿನಾ ಚುಚ್ಚುವುದು: "ಏನ್ರೀ, ನಿಮ್ದಿನ್ನೂ ಅದೇ ಹಳೇ ಕಾರಾ?"

ಅವರನ್ನು ಸೋಲಿಸದೆ ಮಾವನಿಗೆ ಅನ್ನ ಸೇರದಂತಾಯಿತು. ಆಟದ ಸಿ.ಡಿ. ತಂದೆವು. ಡಿಸ್ಕಿನಲ್ಲಿ ಜಾಗವಿಲ್ಲ. ನಾನು ಆಫೀಸಿಗೆ ಹೋದಾಗ ಮಾವ ತಾವೇ ಜಾಗ ಮಾಡಿದರು. ಸಂಜೆ ಬಂದು ನೋಡಿದರೆ ಕಂಪ್ಯೂಟರ್ ಶುರುವಾಗುತ್ತಲೇ ಇಲ್ಲ.

"ಏನ್ ಅಳಿಸಿದ್ರಿ ಮಾವ?"

"ನಮ್ಮದೇನೂ ಮುಟ್ಟಿಲ್ಲ ಅಳಿಯಂದ್ರೇ. ಸಿಸ್ಟಮ್ ಅಂತ ಒಂದು ಫೋಲ್ಡರ್, ಒಳಗೆ ನೂರಾರು ಜನ, ಒಬ್ರದ್ದೂ ಪರಿಚಯ ಇಲ್ಲ. ಬಾಡಿಗೆ ಕೊಡದೋರು ನಮ್ಮನೇಲಿ ಯಾಕಿರ್ಬೇಕು? ಖಾಲಿ ಮಾಡಿಸ್ದೆ."

೨. ಆರಿಸಿದ್ದು

ಹೊಸ ಡಿಸ್ಕೇ ತರೋಣವೆಂದು ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದೆವು. ಅಂಗಡಿಯವನು ನಲವತ್ತು ಜಿಬಿಯವು ಮೂರನ್ನು ಮುಂದಿಟ್ಟ. ಜಿಬಿ ಅಂದರೆ ಅಟ್ಟದ ಅಳತೆ. ಮಾವ ಒಂದನ್ನೆತ್ತಿ ಕಿವಿಯ ಹತ್ತಿರ ಹಿಡಿದು ಗಡಗಡ ಅಲ್ಲಾಡಿಸಿದರು. ಬೆರಳಿನಿಂದ ಟಕಟಕ ಬಡಿದರು.

"ಸಾರ್, ಅಲ್ಲಾಡಿಸ್ಬೇಡಿ! ಕೆಟ್ಟೋಗುತ್ತೆ!"

"ಅಲ್ಲಾಡಿಸ್ದೆ ತಗೊಂಡು, ಮನೇಲಿ ಒಡೆದಾಗ ಕೊಳೆತ ಕಾಯಿ ಬಂದಿರೋದು ನಂಗೊತ್ತಪ್ಪ."

ಮೂರನ್ನೂ ಹಾಗೇ ಪರೀಕ್ಷೆ ಮಾಡಿದರು. ಅಂಗಡಿಯವನು ನನ್ನ ಮುಖ ನೋಡಿದ, ನಾನು ಫ್ಯಾನ್ ನೋಡಿದೆ. ಕೊನೆಗೆ ಮಾವ ಮೂರನ್ನೂ ಪಕ್ಕಕ್ಕೆ ತಳ್ಳಿ ಹೇಳಿದರು: "ಇವು ಬೇಡ, ಒಳಗಿಂದ ಬೇರೆ ಕೊಡಿ. ಹೊರಗಿಟ್ಟಿರೋದನ್ನ ಯಾರ್ಯಾರೋ ಅಲ್ಲಾಡಿಸಿರ್ತಾರೆ."

೩. ತೂಕದಲ್ಲಿ ಮೋಸ

ಒಂದು ವಾರ ಸುಖವಾಗಿತ್ತು. ಮಾವ ಹನ್ನೊಂದನೇ ಹಂತ ತಲುಪಿದರು. ಮೇಷ್ಟ್ರು ಇನ್ನೂ ಹತ್ತರಲ್ಲೇ ಗೋಡೆಗೆ ಗುದ್ದುತ್ತಿದ್ದರು. ಆಗ ಮಾವನ ಕಣ್ಣಿಗೆ ಪರದೆಯ ಮೇಲಿನ ಲೆಕ್ಕ ಬಿತ್ತು. ಡಿಸ್ಕಿನ ಒಟ್ಟು ಜಾಗ ಮೂವತ್ತೇಳು.

"ಅಳಿಯಂದ್ರೇ, ಮೂರು ಜಿಬಿ ಕಮ್ಮಿ!"

ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರ್ ಸಾವಿರದ ಇಪ್ಪತ್ತನಾಲ್ಕರ ಲೆಕ್ಕದಲ್ಲಿ ಎಣಿಸುತ್ತದೆ ಎಂದು ವಿವರಿಸಿದೆ. ವಿವರಿಸಬಾರದಿತ್ತು.

"ಮಾರೋಕೊಂದು ಸೇರು, ಅಳೆಯೋಕೊಂದು ಸೇರು! ತೆಗೀರಿ ಅದನ್ನ!"

ಬಿಚ್ಚಿ, ಟವೆಲಿನಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದೆವು. ಮಾವ ಬಾಗಿಲಲ್ಲೇ ಶುರುಮಾಡಿದರು: "ಹತ್ತು ಗ್ರಾಂ ಕಮ್ಮಿ ಇದ್ದಿದ್ದಕ್ಕೆ ಅಂಗಡಿಗೆ ಬೀಗ ಹಾಕ್ಸಿದೋನು ನಾನು!"

ಅಂಗಡಿಯವನು ತಣ್ಣಗೆ ಕೈ ಚಾಚಿದ. "ಬೇಡ ಅಂದ್ರೆ ಕೊಡಿ ಯಜಮಾನ್ರೇ, ವಾಪಸ್ ತಗೋತೀನಿ. ಒಳಗಿರೋದೆಲ್ಲ ಅಳಿಸಿ ಇಟ್ಕೋತೀನಿ."

"ಎಲ್ಲಾ ಅಂದ್ರೆ?"

"ಎಲ್ಲಾ."

"ಹನ್ನೊಂದನೇ ಹಂತಾನೂ?"

"ಮತ್ತೆ ಒಂದರಿಂದ ಆಡ್ಬೇಕು ಸಾರ್."

ಮಾವ ಟವೆಲನ್ನು ಎದೆಗೊತ್ತಿಕೊಂಡರು. ಅಂಗಡಿಯವನಿಗೆ ನಾಡಿ ಸಿಕ್ಕಿಬಿಟ್ಟಿತು. ಡ್ರಾಯರಿನಿಂದ ಇನ್ನೊಂದು ರೇಸ್ ಆಟದ ಸಿ.ಡಿ. ತೆಗೆದ. "ಇದನ್ನ ಇಟ್ಕೊಳ್ಳಿ. ಆ ಮೂರು ಜಿಬಿ ಮಾತು ಬಿಟ್ಬಿಡಿ."

ಇಡೀ ಸರ್ವೀಸಿನಲ್ಲಿ ಯಾವ ಅಂಗಡಿಯಲ್ಲೂ ಒಂದು ಲೋಟ ಕಾಫಿ ಕೂಡ ಮುಟ್ಟದ ಮನುಷ್ಯ! ಈಗ ಏನು ಎಸೆಯುತ್ತಾರೋ ಎಂದು ಹಿಂದೆ ಸರಿದೆ. ಮಾವ ಬೀದಿಯ ಈ ಕಡೆ ನೋಡಿದರು, ಆ ಕಡೆ ನೋಡಿದರು, ಸಿ.ಡಿ.ಯನ್ನು ಜುಬ್ಬಾದ ಜೇಬಿಗೆ ಇಳಿಸಿದರು.

ಆಟೋದಲ್ಲಿ ಬರುತ್ತಾ, ಮನೆಯ ತಿರುವು ಬಂದಾಗ ಗಂಟಲು ಸರಿಮಾಡಿಕೊಂಡು ಹೇಳಿದರು: "ನೋಡಿ, ಇದು ಲಂಚ ಅಲ್ಲ. ಕೊಸರು."

"ಹೌದು ಮಾವ."

"ಆದ್ರೂ ಮಗಳಿಗೆ ಹೇಳ್ಬೇಡಿ."