ಗಗನಚುಕ್ಕಿಯ ಅಳತೆಗೋಲು

ಯಶೋದಮ್ಮ: ಆ ಕೆಳಗಿನ ಬಂಡೆ ಮ್ಯಾಲೆ ನಿಂತ್ಕಳಕಿಲ್ಲ ಅಂದ್ರೆ ನಿಂತ್ಕಳಕಿಲ್ಲ!

ಚಿಕ್ಕಬೋರಯ್ಯ: ಇಷ್ಟು ದೂರ ಬಂದು ಈಗ ಹಟ ಮಾಡ್ತೀಯಲ್ಲೇ! ನೀನು ನಿಲ್ಲದಿದ್ರೆ ನೀರು ಎಷ್ಟು ಎತ್ತರದಿಂದ ಬೀಳ್ತದೆ ಅಂತ ಪಟ ನೋಡ್ದೋರಿಗೆ ಹೆಂಗೆ ಗೊತ್ತಾಗ್ಬೇಕು?

ಯಶೋದಮ್ಮ: ಒಂದು ಕಬ್ಬಿನ ಜಲ್ಲೆ ತಂದು ನೆಟ್ಕಳಿ. ನಿಮ್ ಕಾರ್ಖಾನೇಲಿ ಬೇಕಾದಷ್ಟು ಬಿದ್ದವೆ.

ಚಿಕ್ಕಬೋರಯ್ಯ: ಜಲ್ಲೆ ಒಂದೊಂದು ಒಂದೊಂದು ಉದ್ದ. ಹೆಂಗಸು ಅಂದ್ರೆ ನೋಡ್ದೋರಿಗೆ ಒಂದು ಅಂದಾಜಿರ್ತದೆ.

ಯಶೋದಮ್ಮ: ಓಹೋ! ನಾನೇನು ನಿಮ್ ತೂಕದ ಕಲ್ಲಾ?

ಚಿಕ್ಕಬೋರಯ್ಯ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗಿಸುವ ಗುಮಾಸ್ತ. ವಾರವೆಲ್ಲ ತೂಕ, ಭಾನುವಾರ ಕ್ಯಾಮೆರಾ. ಈ ಭಾನುವಾರ ಮಳವಳ್ಳಿಯವರೆಗೆ ಬಸ್ಸಿನಲ್ಲಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಹೆಂಡತಿಯನ್ನು ಕರೆತಂದಿದ್ದ. ಎದುರಿಗೆ ಗಗನಚುಕ್ಕಿ ಮೈದುಂಬಿ ಧುಮುಕುತ್ತಿತ್ತು. ಕೈಯಲ್ಲಿದ್ದ ಪೆಟ್ಟಿಗೆ ಕ್ಯಾಮೆರಾದಲ್ಲಿ ಉಳಿದಿದ್ದುದು ಒಂದೇ ಒಂದು ಪಟಕ್ಕಾಗುವಷ್ಟು ಫಿಲ್ಮು. ಮಹಾಯುದ್ಧ ಮುಗಿಯುವ ಮೊದಲು ಇನ್ನೊಂದು ಸುರುಳಿ ಬಂದೀತೆಂಬ ನಂಬಿಕೆ ಬೆಂಗಳೂರಿನ ಅಂಗಡಿಯವನಿಗೂ ಇರಲಿಲ್ಲ. ಆ ಒಂದು ಪಟ ದಸರಾ ವಸ್ತುಪ್ರದರ್ಶನದ ಗೋಡೆ ಏರಬೇಕೆಂಬುದು ಚಿಕ್ಕಬೋರಯ್ಯನ ಆಸೆ.

ಯಶೋದಮ್ಮ: ಮುತ್ತತ್ತೀಲಿ ನಿಲ್ಸುದ್ರಿ, ಕುಂತಿಬೆಟ್ಟದಲ್ಲಿ ನಿಲ್ಸುದ್ರಿ. ಒಂದ್ರಲ್ಲಾದ್ರೂ ನನ್ ಮುಖ ಬಂದೈತಾ?

ಚಿಕ್ಕಬೋರಯ್ಯ: ಬಂದಿದೆ. ಹುಡುಕ್ಬೇಕು.

ಯಶೋದಮ್ಮ: ಯಲಿಯೂರಲ್ಲಿ ನಮ್ಮವ್ವನೂ ಉಡುಕುದ್ಲು. ಇಗೋ ಇಲ್ಲಿವ್ನಿ ಕಣವ್ವ ಅಂತ ತೋರುಸ್ದೆ. ನೊಣದ ಇಕ್ಕೆ ಅಂದ್ಕಂಡು ಉಗುರಲ್ಲಿ ಕೆರೆದಾಕ್ಬುಟ್ಲು.

ಚಿಕ್ಕಬೋರಯ್ಯ: ಆಹಾ! ಮುತ್ತತ್ತಿ ಪಟದ ಗೀರು ಅದೇನಾ? ಜಿರಲೆ ತಿಂದದೆ ಅಂದ್ಯಲ್ಲೇ!

ಯಶೋದಮ್ಮ: ಅವ್ವನ್ನ ಬುಟ್ಕೊಡಕಾಯ್ತದಾ? ಅದಿರ್ಲಿ. ಊರಲ್ಲೆಲ್ಲಾ ಈಗ ಒಂದೇ ಮಾತು. ‘ಗಂಡ ಒಬ್ನೇ ಸೋಕಿ ಮಾಡ್ಕಂಡು ತಿರುಗ್ತಾನೆ, ಇವ್ಳು ಮನೇಲಿ ಮುದ್ದೆ ತಿರುವ್ತಾ ಕುಂತವ್ಳೆ’ ಅಂತ. ನಾನೂ ಬಂದಿದ್ದೆ ಅಂದ್ರೆ ಒಬ್ರೂ ನಂಬಕಿಲ್ಲ. ಈ ಸಲ ನನ್ ಮುಖ ಬರ್ಬೇಕು. ಮೂಗ್ಬೊಟ್ಟು ಕಾಣಂಗೆ.

ಚಿಕ್ಕಬೋರಯ್ಯ: ಮೂಗುಬೊಟ್ಟು ಕಾಣೋ ಹಂಗೆ ತೆಗೆದ್ರೆ ನೀರೇ ಕಾಣಲ್ಲ! ದಸರಾಕ್ಕೆ ಬಂದ ಜನಕ್ಕೆಲ್ಲ ನಿನ್ನ ಮೂಗು ತೋರಿಸ್ಲಾ?

ಯಶೋದಮ್ಮ: ಯಾಕೆ, ಅಷ್ಟು ಕೆಟ್ಟದಾಗೈತಾ?

ಈ ಪ್ರಶ್ನೆಗೆ ಮದುವೆಯಾದ ಗಂಡಸು ಯೋಚನೆ ಮಾಡಿ ಉತ್ತರ ಹೇಳಬಾರದು. ಚಿಕ್ಕಬೋರಯ್ಯ ಯೋಚನೆ ಮಾಡಿದ. ಯಶೋದಮ್ಮ ಸೆರಗು ಬಿಗಿದುಕೊಂಡು ಗಾಡಿಯ ಕಡೆ ತಿರುಗಿದಳು.

ಚಿಕ್ಕಬೋರಯ್ಯ: ತಡಿಯೇ! ಆ ಬಂಡೆ ಮೇಲೆ ನಿಂತ್ರೂ ಮುಖ ಕಾಣ್ತದೆ. ಬೇಕಾದ್ರೆ ನಾನೇ ಹೋಗಿ ನಿಲ್ತೀನಿ, ನೀನು ಈ ಗಾಜಲ್ಲಿ ನೋಡು. ನೋಡೋದು ಅಷ್ಟೆ. ಪಟ ಹಿಡಿಯೋ ಈ ಕೀಲು ಮುಟ್ಟೀಯ!

ಯಶೋದಮ್ಮ: ನಾನ್ಯಾಕೆ ಮುಟ್ಲಿ? ನಡೀರಿ, ನಡೀರಿ.

ಪಂಚೆ ಎತ್ತಿಕಟ್ಟಿ, ಪಾಚಿಗೆ ಹೆದರಿ ಕೈಕಾಲು ನಾಲ್ಕನ್ನೂ ಊರಿಕೊಂಡು ಆತ ಬಂಡೆಗಿಳಿದ. ಮೇಲೆ ಯಶೋದಮ್ಮ ಕ್ಯಾಮೆರಾವನ್ನು ಹೊಟ್ಟೆಗೊತ್ತಿ ಹಿಡಿದು ಬಗ್ಗಿ ನೋಡಿದಳು. ಹೆಬ್ಬೆರಳಿನಷ್ಟು ಗಾಜಿನಲ್ಲಿ ಆಕಾಶ, ಕಾಡು, ಹಾಲು ಸುರಿದಂತೆ ನೀರು. ಮಳವಳ್ಳಿ ಬಿಟ್ಟಮೇಲೆ ಮೊದಲ ಸಲ ಆಕೆಯ ಬಾಯಿ ಮುಚ್ಚಿತು.

ಚಿಕ್ಕಬೋರಯ್ಯ: ಕಾಣ್ತದಾ ಮುಖ?

ಯಶೋದಮ್ಮ: ಬಲಕ್ಕೆ ಸರೀರಿ! ಅಯ್ಯೋ, ಬಲಕ್ಕೆ ಅಂದ್ರೆ ಎಡಕ್ಕೋಯ್ತೀರಲ್ಲ!

ಚಿಕ್ಕಬೋರಯ್ಯ: ಆ ಗಾಜಲ್ಲಿ ಎಡಬಲ ತಿರುಗಾಮುರುಗಾ ಕಣೇ!

ಯಶೋದಮ್ಮ: ಏನೂ ಕೇಳ್ಸಕಿಲ್ಲ! ಇನ್ನೂ ಇಂದಕ್ಕೋಗಿ!

ಚಿಕ್ಕಬೋರಯ್ಯ: ಹಿಂದೆ ನೀರದೆ!

ಯಶೋದಮ್ಮ: ಅಂಗಾರೆ ಒಸಿ ಕುಕ್ಕುರುಗಾಲಲ್ಲಿ ಕುಂತ್ಕಳಿ! ನಿಮ್ ತಲೆ ಅಡ್ಡ ಬತ್ತಾ ಐತೆ!

ಚಿಕ್ಕಬೋರಯ್ಯ: ಮುಖ ಕಾಣ್ತದೋ ಇಲ್ವೋ, ಅದನ್ನ ಹೇಳೇ!

ಯಶೋದಮ್ಮ: ಮುಖ ಕಟ್ಕಂಡು ಏನಾಗ್ಬೇಕು? ಅಳ್ಳಾಡ್ಬ್ಯಾಡಿ, ಬಿಸಿಲು ಬಂತು!

ಮೋಡ ಸರಿದು ನೀರಿನ ಹುಡಿಯೆಲ್ಲ ಒಮ್ಮೆಗೇ ಬೆಳಗಿತು. ಕ್ಯಾಮೆರಾದ ‘ಟಕ್’ ಸದ್ದು ಬಂಡೆಯವರೆಗೆ ಕೇಳಿಸಲಿಲ್ಲ. ಆದರೆ ಹೆಂಡತಿಯ ಹೆಬ್ಬೆರಳು ಆಡಿದ್ದು ಚಿಕ್ಕಬೋರಯ್ಯನಿಗೆ ಕಂಡಿತು. ನೆಂದು ತೊಪ್ಪೆಯಾಗಿ, ಏದುಸಿರು ಬಿಡುತ್ತ ಮೇಲೆ ಬಂದ.

ಚಿಕ್ಕಬೋರಯ್ಯ: ಒತ್ತಿಬಿಟ್ಯಾ?

ಯಶೋದಮ್ಮ: ಏನ್ ಮಾಡ್ಲಿ, ಕೈ ತಡೀಲಿಲ್ಲ.

ಚಿಕ್ಕಬೋರಯ್ಯ: ನನ್ನ ಮುಖ?

ಯಶೋದಮ್ಮ: ನೀರು ಬಂತು ಕಣ್ರೀ! ಮ್ಯಾಲಿಂದ ಕೆಳಗಂಟ, ಒಂದ್ ಚೂರೂ ಬುಡದಂಗೆ ಬಂತು!

ಚಿಕ್ಕಬೋರಯ್ಯ ಪಂಚೆ ಹಿಂಡಿದ. ಫಿಲ್ಮು ಮುಗಿದಿತ್ತು. ಪ್ರದರ್ಶನಕ್ಕೆ ಇದನ್ನು ಯಾರ ಹೆಸರಿನಲ್ಲಿ ಕಳಿಸುವುದೆಂಬ ಹೊಸ ಯೋಚನೆಯೂ ತಲೆಗೇರಿತು. ಆದರೆ ಅಷ್ಟರಲ್ಲಿ ಇನ್ನೊಂದು ವಿಷಯ ಹೊಳೆದು, ಒದ್ದೆ ಮೀಸೆಯ ಕೆಳಗೆ ನಗು ಬಂತು.

ಚಿಕ್ಕಬೋರಯ್ಯ: ಈಗ ಊರಿಗೆ ಹೋಗಿ ಏನಂತ ತೋರಿಸ್ತೀಯೇ? ಈ ಪಟದಲ್ಲಿ ನೀನು ಇಲ್ಲವೇ ಇಲ್ಲವಲ್ಲ!

ಯಶೋದಮ್ಮ: ಯಾಕೆ? ಅವ್ವನ ಕೈಗೆ ಕೊಟ್ಟು, ‘ನಿನ್ ಅಳಿಯನ್ನ ಎಲ್ಲಿ ನಿಲ್ಸಿವ್ನಿ ನೋಡು’ ಅಂತೀನಿ.