ಸಿಂಹಿಣಿ ಕದ್ದ ತಟ್ಟೆ

ಸಿಹೆಮ್: ಒಂದು ತಟ್ಟೆಗೋಸ್ಕರ ಯಾರನ್ನಾದ್ರೂ ಆಟದಿಂದಲೇ ಆಚೆ ಹಾಕ್ತಾರೇನ್ರೀ?

ವಜ್ದಿ: ತಟ್ಟೆಯಾದರೇನು, ಅರಮನೆಯಾದರೇನು? ಕಳ್ಳತನ ಕಳ್ಳತನವೇ!

ಸ್ಫಾಕ್ಸ್ ಪಟ್ಟಣದ ಈ ವಜ್ದಿ ವಾರವಿಡೀ ಕನ್ನಡಕ ಮಾರುವವನು. ಭಾನುವಾರ ಬಂತೆಂದರೆ 'ಜೈತೂನ್‌ಪುರ' ಎಂಬ ಆನ್‌ಲೈನ್ ಆಟಕ್ಕೆ ಕಾಜಿ. ಅಲ್ಲಿ ಊರೂರಿನ ಜನ ಮನೆ ಕಟ್ಟಿ, ತೋಟ ಮಾಡಿ, ಅಕ್ಕಪಕ್ಕ ಬಾಳುತ್ತಾರೆ. ಯಾರಾದರೂ ನಿಯಮ ಮುರಿದರೆ ದೂರು ಇವನ ಕಂಪ್ಯೂಟರಿಗೆ ಬರುತ್ತದೆ, ತೀರ್ಪು ಇವನದೇ. ಹೆಂಡತಿ ಸಿಹೆಮ್ ಎದುರು ಸೂರ್ಯಕಾಂತಿ ಬೀಜ ಸುಲಿದು, ಸಿಪ್ಪೆಯನ್ನು ನೀಲಿ ಹೂವಿನ ತಟ್ಟೆಯೊಂದಕ್ಕೆ ಉಗುಳುತ್ತ ಕೂತಿದ್ದ. ಅತ್ತೆ ಕುಸ್ಕುಸ್ ಎಂಬ ರವೆಯೂಟದ ಪಾತ್ರೆ ಹೊತ್ತು ಬರುವ ಹೊತ್ತು. ಹೊಟ್ಟೆ ತಾಳ ಹಾಕುತ್ತಿತ್ತು.

ಸಿಹೆಮ್: ಆ ಕಡೆಯವರನ್ನ ಒಂದು ಮಾತು ಕೇಳಿದ್ರಾ?

ವಜ್ದಿ: ಕೇಳೋದೇನು? ಮೀನುಗಾರ ಬಶೀರ್ ಬರೆದಿದ್ದಾನೆ ನೋಡು. 'ಸಹಾರಾ ಸಿಂಹಿಣಿ ನಮ್ಮ ಮನೆಯಿಂದ ತಟ್ಟೆ ತಗೊಂಡು ಹೋದರು. ಇನ್ನೂ ಬಂದಿಲ್ಲ.' ಸಿಂಹಿಣಿಯಂತೆ! ಯಾವನೋ ಮೀಸೆ ಹೊತ್ತ ಪುಂಡ ಇರ್ಬೇಕು. ಬ್ಯಾನ್ ಮಾಡಿ ಬಿಸಾಕಿದೆ.

ಬಾಗಿಲು ತೆರೆಯಿತು. ಅತ್ತೆ ಮಬ್ರೂಕಾ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿ ಕುರ್ಚಿಗೆ ಕುಸಿದಳು.

ಮಬ್ರೂಕಾ: ನೀವು ತಿನ್ನಿ. ನನಗೆ ಗಂಟಲಲ್ಲಿ ಇಳಿಯಲ್ಲ. ನನ್ನನ್ನ ಕಳ್ಳಿ ಅಂದ್ರು ಕಣೋ ಮಗಾ, ಈ ವಯಸ್ಸಲ್ಲಿ! ಮನೆಗೂ ಬೀಗ ಜಡಿದ್ರು!

ವಜ್ದಿ: ನಿಮ್ಮನ್ನಾ? ಅತ್ತೆ, ಈ ಅನ್ನದ ಮೇಲಾಣೆ, ಅವನ ಕಿವಿ ಹಿಡಿದು ಎಳ್ಕೊಂಡು ಬಂದು ನಿಮ್ಮ ಕೈಗೆ ಮುತ್ತಿಡಿಸದಿದ್ರೆ ನಾನು ನಿಮ್ಮ ಅಳಿಯನೇ ಅಲ್ಲ! ಯಾರವನು?

ಮಬ್ರೂಕಾ: ಕಾಜಿಯಂತೆ. ಜೈತೂನ್‌ಪುರದ ಕಾಜಿ.

ಬೀಜ ವಜ್ದಿಯ ಗಂಟಲಿಗೆ ಸಿಕ್ಕಿಕೊಂಡಿತು. ಸಿಹೆಮ್ ಬೆನ್ನಿಗೆ ಗುದ್ದಿದಳು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ.

ಸಿಹೆಮ್: ಅಮ್ಮ, ಮೀಸೆ ಎಲ್ಲಿ ಬಿಟ್ಟು ಬಂದೆ?

ವಜ್ದಿ: ಅತ್ತೆ... ನೀವು... ಸಿಂಹಿಣಿನಾ?

ಮಬ್ರೂಕಾ: ಮತ್ತೆ? ನೀವು ವಾರಕ್ಕೊಂದ್ಸಲ ಮುಖ ತೋರಿಸೋರು. ಅಲ್ಲಿ ದಿನಾ ಮಾತಾಡ್ಸೋ ನೆರೆಯವರಿದ್ದಾರೆ. ಬಶೀರ್ ಆ ತಟ್ಟೇಲಿ ಮೀನು ಕೊಟ್ಟಿದ್ದ. ತಟ್ಟೆ ಬರಿದಾಗಿ ಹೇಗೆ ವಾಪಸ್ ಕೊಡ್ಲಿ? ಮಕ್ರೂದ್ ಸಿಹಿ ಮಾಡಿ ಕೊಡೋಣ ಅಂತ ಖರ್ಜೂರ ನೆಟ್ಟೆ. ಇವತ್ತು ಹಣ್ಣಾಗಿದೆ, ಸಂಜೆಯೊಳಗೆ ಕೀಳದಿದ್ರೆ ಎಲ್ಲಾ ಉದುರಿ ಹೋಗುತ್ತೆ. ನಾನು ಯಾವ ಮುಖ ಇಟ್ಕೊಂಡು ಬಶೀರ್ ಎದುರಿಗೆ ನಿಲ್ಲಲಿ?

ವಜ್ದಿ: ಅಯ್ಯೋ, ದೂರು ಕೊಟ್ಟಿದ್ದೇ ಅವನು ಅತ್ತೆ! ನೋಡಿ, ಮತ್ತೊಂದು ಬರೆದಿದ್ದಾನೆ. 'ಕಾಜಿಯವರೇ, ನಾನು ದೂರು ಕೊಟ್ಟಿಲ್ಲ...'

ಸಿಹೆಮ್: ನಿಲ್ಲಿಸಿದ್ರೇಕೆ? ಓದಿ.

ವಜ್ದಿ (ದನಿ ಇಳಿಸಿ): '...ಆಯಮ್ಮ ತಟ್ಟೆ ಇಷ್ಟು ದಿನ ಇಟ್ಕೊಳ್ಳೋರಲ್ಲ. ಮೈಗೆ ಹುಷಾರಿಲ್ಲವೇನೋ ಅಂತ ಕೇಳೋಣ ಅಂದ್ಕೊಂಡೆ. ಒತ್ತೋಕೆ ದೂರಿನ ಗುಂಡಿ ಬಿಟ್ಟು ಬೇರೆ ಸಿಗಲಿಲ್ಲ.'

ಮಬ್ರೂಕಾ: ಓಹೋ! ಆ ಕಾಜಿ ನೀನೇನೋ?

ವಜ್ದಿ ತಡಬಡಿಸಿ ಬ್ಯಾನ್ ತೆಗೆದ. ಸಿಹೆಮ್ ಆಣೆಯ ಪ್ರಕಾರ ಅವನ ಕಿವಿ ಹಿಡಿದು ಎಳೆತಂದು ಅಮ್ಮನ ಕೈಗೆ ಮುತ್ತಿಡಿಸಿದಳು. ಮಬ್ರೂಕಾ ಮೊದಲು ಫೋನಿನಲ್ಲಿ ಖರ್ಜೂರ ಕಿತ್ತಳು, ಆಮೇಲೆ ನಕ್ಕಳು. ವಜ್ದಿ ಪಾತ್ರೆಯ ಮುಚ್ಚಳ ತೆಗೆದ. ಅಷ್ಟರಲ್ಲಿ ಅತ್ತೆಯ ಕಣ್ಣು ಸಿಪ್ಪೆಯ ರಾಶಿಯ ಮೇಲೆ ಬಿತ್ತು.

ಮಬ್ರೂಕಾ: ಈ ನೀಲಿ ಹೂವನ್ನ ಎಲ್ಲೋ ನೋಡಿದ ಹಾಗಿದೆಯಲ್ಲ?

ಸಿಹೆಮ್: ರಂಜಾನ್‌ನಲ್ಲಿ ನೀನೇ ಮಕ್ರೂದ್ ತುಂಬಿ ಕಳಿಸಿದ್ದೆಯಲ್ಲಮ್ಮ. ತಿಂದಿದ್ದು ಇವರು. ತುಂಬಿಸಿ ತಲುಪಿಸ್ತೀನಿ ಅಂದಿದ್ದೂ ಇವರೇ. ತಟ್ಟೆಯಾದರೇನು, ಅರಮನೆಯಾದರೇನು, ಅಲ್ವೇನ್ರೀ?

ಮಬ್ರೂಕಾ ಮುಚ್ಚಳವನ್ನು ಕಿತ್ತುಕೊಂಡು ಠಣ್ಣನೆ ಮುಚ್ಚಿದಳು.

ಮಬ್ರೂಕಾ: ಕುಸ್ಕುಸ್‌ನಿಂದ ನಿನಗೆ ಬ್ಯಾನ್!

ವಜ್ದಿ: ಅತ್ತೇ! ಮೇಲ್ಮನವಿಗೆ ಅವಕಾಶ ಇಲ್ವಾ?

ಮಬ್ರೂಕಾ: ಇದೆ. ಮನವಿನ ಆ ತಟ್ಟೆಯಲ್ಲೇ ಇಟ್ಟು ತಗೊಂಡು ಬಾ. ಖಾಲಿ ಮಾತ್ರ ತರಬೇಡ.